ಬಿಸಲ ಮೇಡಂ

ಯಾರ ಮಾಳಿಗೆ ಏರಬೇಕಾದರೂ ಅವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಇಳಕಲ್ಲಿನ ಬೇಸಿಗೆ ಮಧ್ಯಾಹ್ನದಲ್ಲಿ ಮಾಳಿಗೆಯೆಂದರೆ ಕಾದ ಹಂಚು. "ಕಾಲ ಸುಡತಾವ್ರಿ, ಮೆಟ್ಟ ಹಾಕ್ಕೊಂಡ ಏರ್ರಿ" ಎಂದು ಮನೆಯವರೇ ಹೇಳಿದರೂ ಕೇಳುತ್ತಿರಲಿಲ್ಲ. "ಮಂದಿ ಹಪ್ಪಳಾ ಸಂಡಗಿ ಒಣಗಸೂ ಜಾಗಾದಾಗ ಮೆಟ್ಟ ಹಾಕ್ಕೊಂಡ ಹೆಂಗ ಅಡ್ಡಾಡ್ಲಿರಿ?" ಎಂದು ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕಾಲಿಡುವರು. ಮೇಲೆ ಹೋದವರು ಒಂದು ಕಾಲು ಊರಿ ಇನ್ನೊಂದು ಎತ್ತುತ್ತ, ಕೊಕ್ಕರೆಯ ಹಾಗೆ ನಿಂತು, ಬಿಸಿಲು ಯಾವ ಕಡೆಯಿಂದ ಬರುತ್ತದೆ, ಪಕ್ಕದ ಬೇವಿನ ಮರದ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂದು ನೋಡುವರು. ಕೆಳಗೆ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಮ್ಮ ಓಣಿ ಅವರಿಗೆ ಬಿಸಲ ಮೇಡಂ ಎಂದು ಹೆಸರಿಟ್ಟದ್ದು ಹೀಗೆ.

ಹೋದ ತಿಂಗಳು ಅವರು ತೀರಿಕೊಂಡರು. ಬಾದಾಮಿಯ ಬಾಡಿಗೆ ಮನೆಯಲ್ಲಿ, ಬೆಳಗಿನ ಚಹಾಕ್ಕೆ ನೀರಿಟ್ಟವರು ಒಲೆಯ ಮುಂದೆಯೇ ಕುಸಿದರಂತೆ. ಎದೆಯ ತೊಂದರೆ ಎಂದರಂತೆ ಡಾಕ್ಟರು. ಸಾಯುವ ವಯಸ್ಸಾಗಿರಲಿಲ್ಲ, ನೌಕರಿಯೇ ಇನ್ನೂ ಬಹಳ ವರ್ಷ ಬಾಕಿಯಿತ್ತು. ಕುಳಗೇರಿ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟಿರುವ ಅವರ ಅಣ್ಣ ನನಗೆ ಫೋನು ಮಾಡಿ, "ಅಕ್ಕೋರ, ನಿಮ್ಮ ಹೆಸರ ಭಾಳ ಹೇಳ್ತಿದ್ಲರಿ. ಮಣ್ಣಿಗೆ ಬರ್ರಿ" ಎಂದರು. ಫೋನು ಕೆಳಗಿಟ್ಟಾಗ ನನ್ನನ್ನು ಮೊದಲು ಕಾಡಿದ್ದು ದುಃಖವಲ್ಲ. ಎದುರು ಮನೆಯ ಕಾಕಾನಿಗೆ ಈ ಸುದ್ದಿಯನ್ನು ಹೇಳಬೇಕೋ ಬೇಡವೋ ಎಂಬ ಯೋಚನೆ.

ನಾನು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ವಿದ್ಯುತ್ ಕಂಪನಿಯ ಶಾಖೆಗೆ ಎಂಜಿನಿಯರಾಗಿ ಬಂದ ಅವರು ನಮ್ಮ ಮನೆಯ ಮೇಲಿನ ಖೋಲಿಯನ್ನು ಬಾಡಿಗೆಗೆ ಹಿಡಿದರು. ಒಬ್ಬರೇ. ಮದುವೆಯ ಮಾತು ತೆಗೆದರೆ, "ಕರೆಂಟಿನಾಕಿ ಹತ್ರ ಯಾರ ಬರ್ತಾರ್ರಿ, ಹೊಡದೀತಂತ ಅಂಜತಾರ" ಎಂದು ತಾವೇ ಮೊದಲು ನಗುವರು. ಊಟದ ಚಿಂತೆ ಅವರಿಗೆ ಇರಲೇ ಇಲ್ಲ. ಎರಡು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಇದ್ದರೆ ಹಬ್ಬ. ಆದರೆ ಫೋನು ಮಾತ್ರ ಒಂದು ಗಳಿಗೆಯೂ ಅವರಿಂದ ದೂರ ಇರುತ್ತಿರಲಿಲ್ಲ. ಬೇರೆ ಎಂಜಿನಿಯರುಗಳು ಕರೆಂಟು ಹೋದೊಡನೆ ಫೋನು ಬಂದ್ ಮಾಡಿಡುತ್ತಾರೆ ಎಂಬುದು ಊರಿಗೇ ಗೊತ್ತಿದ್ದ ಮಾತು. ಇವರು ಎತ್ತುವರು. ಪ್ರತಿಯೊಂದನ್ನೂ ಎತ್ತುವರು. ಮಗ್ಗದವರು ಬಾಯಿಗೆ ಬಂದಂತೆ ಬೈಯುವುದು ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು. "ಹೌದ್ರಿ ಅಣ್ಣಾರ, ಖರೆ ಐತ್ರಿ, ನಂದ ತಪ್ಪು, ತಡೀರಿ ಬರತೈತಿ" ಎಂದು ಇವರು ತಣ್ಣಗೆ ಹೇಳುತ್ತಿದ್ದರು.

"ಯಾಕ ಎತ್ತತೀರಿ? ಬೈಸಿಕೊಳ್ಳಾಕ?" ಎಂದು ಒಮ್ಮೆ ಕೇಳಿದೆ.

"ಬೈಯೂ ಮಂದಿ ಛಲೋ ಇರ್ತಾರ್ರಿ ಅಕ್ಕೋರ. ಬೈದು ಹಗುರ ಆಗ್ತಾರ. ಸುಮ್ನ ಇರೂ ಮಂದೀನ ಕಂಡ್ರ ನನಗ ಅಂಜಿಕಿ."

ಆ ವರ್ಷ ಕಂಪನಿಯವರಿಗೆ ಬಿಸಿಲಿನ ಗೀಳು ಹಿಡಿದಿತ್ತು. ಕಾರಣವನ್ನು ಅವರೇ ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಹೆಂಗಸರಿಗೆ ಬಿಡಿಸಿ ಹೇಳಿದ್ದರು. ಕರೆಂಟು ಮಾರುವ ಕಂಪನಿ ತಾನು ಮಾರುವುದರಲ್ಲಿ ಇಂತಿಷ್ಟು ಪಾಲನ್ನು ಸೂರ್ಯನಿಂದ, ಗಾಳಿಯಿಂದ ಪಡೆದಿರಲೇಬೇಕು ಎಂದು ಸರ್ಕಾರದ ಕಟ್ಟಳೆ. ಪಾಲು ಕಡಿಮೆ ಬಿದ್ದರೆ, ಬೇರೆ ಕಡೆ ಹೆಚ್ಚು ಮಾಡಿದವರಿಂದ ಅದಕ್ಕೆ ಸರಿದೂಗುವ ಪತ್ರಗಳನ್ನು ಕೊಂಡು ತೋರಿಸಬೇಕು. ಹೆಚ್ಚಾದರೆ ಅಂಥ ಪತ್ರಗಳನ್ನು ತಾನೇ ಮಾರಬಹುದು.

"ಅಂದ್ರ ಹೆಂಗವ್ವಾ?" ಎಂದಳು ಒಬ್ಬ ಮುದುಕಿ.

"ಮುಯ್ಯಾಳು ಇದ್ದಂಗ ಆಯಿ. ನಿಮ್ಮ ಹೊಲಕ್ಕ ಅವ್ರು ಬಂದಾರ, ಅವ್ರ ಹೊಲಕ್ಕ ನೀವು ಹೋಗಬೇಕು. ಹೋಗಾಕ ಆಗದಾಂವ ಏನ ಮಾಡ್ತಾನ? ಬ್ಯಾರೇದಾಂವ್ಗ ಕೂಲಿ ಕೊಟ್ಟು ತನ್ನ ಹೆಸರ್ಲೆ ಕಳಸ್ತಾನ. ನಮ್ಮ ಕಂಪನಿ ಹಂಗ ಕೂಲಿ ಆಳು ಕಳಸೂದ ಬ್ಯಾಡ, ನಮ್ಮ ಊರಾನ ಬಿಸಲ ನಮಗ ಸಾಲತೈತಿ ಅಂತೇನಿ ನಾ."

ಮುದುಕಿ ತಲೆಯಾಡಿಸಿದಳು. ತಿಳಿಯಿತು. ಮೇಲಿನವರು ಪ್ರತಿ ಶಾಖೆಗೂ ಇಷ್ಟು ಮಾಳಿಗೆಗೆ ಸೌರ ಹಲಗೆ ಹಚ್ಚಿಸಬೇಕು ಎಂದು ಗುರಿ ಹಂಚಿದ್ದರು. ಉಳಿದವರು ಅದನ್ನು ಗೋಡೆಗೆ ಹಚ್ಚಿ ಸುಮ್ಮನಾದರೆ, ಇವರು ತಮ್ಮ ಮನೆಯ ಮದುವೆಯೇನೋ ಎಂಬಂತೆ ಮನೆ ಮನೆ ಹೊಕ್ಕರು. ರೊಕ್ಕ ಉಳಿಯುತ್ತದೆ ಎಂಬ ಮಾತಿಗಿಂತ ಅವರಿಗೆ ಪ್ರಿಯವಾಗಿದ್ದದ್ದು ಇನ್ನೊಂದು: "ಹಗಲೆಲ್ಲಾ ನೀವು ಲೈನಿಗೆ ಕೊಡ್ರಿ. ಅದು ನಿಮ್ಮ ಹೆಸರ್ಲೆ ಜಮಾ ಇರತೈತಿ. ರಾತ್ರಿ ಲೈನು ನಿಮಗ ವಾಪಸ್ ಕೊಡತೈತಿ." ನಮ್ಮ ಕಡೆ ಜಮಾ ಎಂಬ ಮಾತಿಗೆ ಭಾರಿ ತೂಕ. ಜಮಾ ಇದ್ದದ್ದು ಎಲ್ಲಿಗೂ ಹೋಗುವುದಿಲ್ಲ, ಕೇಳಿದಾಗ ಕೊಡಬೇಕು.

ಎದುರು ಮನೆಯ ಕಾಕಾ ಆ ಮಾತಿಗೇ ಒಪ್ಪಿದ್ದು.

ಕಾಕಾ ಕುಣಿಮಗ್ಗದ ನೇಕಾರ. ಓಣಿಯಲ್ಲಿ ಉಳಿದವರೆಲ್ಲ ಪವರ್‌ಲೂಮಿಗೆ ಹೋದರೂ ಇವನು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೈಯಿಂದಲೇ ಇಳಕಲ್ ಸೀರೆ ನೇಯುತ್ತಿದ್ದ. ಮಕ್ಕಳಿರಲಿಲ್ಲ. ಅವನ ಹೆಂಡತಿ ಕಾಕು ಒಂದು ಕಾಲಕ್ಕೆ ದಿನವಿಡೀ ನೂಲಿನ ಕಂಡಿಕೆ ಸುತ್ತಿದವಳು. ಆ ನೂಲಿನ ಧೂಳೋ ಒಲೆಯ ಹೊಗೆಯೋ, ಆಕೆಯ ಪುಪ್ಪುಸ ಕೆಟ್ಟು ಹೋಗಿತ್ತು. ಗಾಳಿಯಿಂದ ಆಮ್ಲಜನಕ ತೆಗೆದು ಕೊಡುವ ಯಂತ್ರವೊಂದು ಆಕೆಯ ಹೊರಸಿನ ಪಕ್ಕ ಬುಸ್ ಬುಸ್ ಎನ್ನುತ್ತ ಇರುತ್ತಿತ್ತು. ಮೂಗಿಗೆ ನಳಿಗೆ ಹಾಕಿಕೊಂಡೇ ಕಾಕು ಎಲ್ಲರನ್ನೂ ಬೈಯುವಳು, ನಗಿಸುವಳು. ಬಿಸಲ ಮೇಡಂ ಏಣಿ ಏರುವುದನ್ನು ಕಂಡು, "ಹೆಣಮಗಳಾಗಿ ಮಂಗ್ಯಾನಂಗ ಏರ್ತೀಯಲ್ಲಬೇ! ಇಳದ ಬಾ, ಚಹಾ ಕುಡಿ" ಎಂದು ಕೂಗುವಳು. ಊರಿನಲ್ಲಿ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದವಳು ಆಕೆಯೊಬ್ಬಳೇ. ಅದು ಅವರಿಗೆ ಎಷ್ಟು ಹಿತವಾಗಿತ್ತೆಂದರೆ, ಆಫೀಸಿನಿಂದ ಬಂದವರು ನಮ್ಮ ಮೆಟ್ಟಿಲು ಏರುವ ಮೊದಲು ಆ ಮನೆಗೆ ಹೋಗಿ ಕಾಕುವಿನ ಕಾಲ ಬಳಿ ಒಂದು ಗಳಿಗೆ ಕುಳಿತು ಬರುವರು.

ಕಾಕಾನ ಮಾಳಿಗೆಗೆ ಹಲಗೆಗಳು ಏರಿದ ದಿನ ನಾನೂ ಅಲ್ಲಿದ್ದೆ. ಗೋಡೆಗೆ ಹಚ್ಚಿದ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿದಾಗ ಕಾಕಾ ಅದಕ್ಕೆ ಕುಂಕುಮ ಹಚ್ಚಿದ. ಅವರು ಅವನನ್ನು ಕೂರಿಸಿಕೊಂಡು ಹೇಳಿದರು: "ಕಾಕಾ, ಒಂದ ಮಾತ ನೆನಪಿಡ್ರಿ. ಲೈನ್ ಹೋತಂದ್ರ ಇದೂ ಬಂದ್ ಆಗತೈತಿ, ಬಿಸಲ ಎಷ್ಟ ಇದ್ರೂ. ಅದನ್ನ ಹಂಗ ಮಾಡ್ಯಾರ. ಯಾಕಂದ್ರ ಲೈನ್ ಬಂದ್ ಮಾಡಿ ನಮ್ಮ ಮನಷ್ಯಾ ಕಂಬಾ ಏರಿರ್ತಾನ. ಆವಾಗ ನಿಮ್ಮ ಮಾಳಗಿಂದ ಕರೆಂಟ್ ಹೋತಂದ್ರ ಆಂವಾ ಅಲ್ಲೇ ಸುಟ್ಟ ಹೋಗ್ತಾನ. ಕಾಕುನ ಮಷಿನ್ನಿಗೆ ದೊಡ್ಡ ಬ್ಯಾಟರಿ ಬ್ಯಾರೇನ ಹಾಕ್ಸಬೇಕು. ಅದು ಈ ಸ್ಕೀಮಿನ್ಯಾಗ ಬರಂಗಿಲ್ಲ."

"ಹೂಂ" ಎಂದ ಕಾಕಾ. ಅವನ ಕಣ್ಣು ಹಸಿರು ದೀಪದ ಮೇಲಿತ್ತು.

ಒಂದು ಮಳೆಗಾಲ, ಒಂದು ಚಳಿಗಾಲ ಚೆನ್ನಾಗಿಯೇ ಕಳೆದವು. ಬಿಲ್ಲು ಬಂದಾಗಲೆಲ್ಲ ಕಾಕಾ ಅದನ್ನು ಹಿಡಿದು ನನ್ನ ಬಳಿ ಬರುವನು. "ಅಕ್ಕೋರ, ಓದ್ರಿ. ಜಮಾ ಎಷ್ಟಾತು?" ನಾನು ಓದಿ ಹೇಳಿದರೆ ಮನೆಗೆ ಹೋಗಿ ಕಾಕುವಿಗೆ ಗಟ್ಟಿಯಾಗಿ ಹೇಳುವುದು ಓಣಿಗೆಲ್ಲ ಕೇಳಿಸುವುದು. ಅವನಿಗೆ ಅದು ಕರೆಂಟಲ್ಲ, ಕಾಕುವಿನ ಉಸಿರು. ಅದನ್ನು ಅವನು ಲೈನಿನಲ್ಲಿ ಕೂಡಿಡುತ್ತಿದ್ದ.

ಬೇಸಿಗೆ ನಡುವೆ ಒಂದು ಸಂಜೆ ಗಾಳಿ ಎದ್ದಿತು. ಮೊದಲು ಕೆಂಧೂಳು, ಆಮೇಲೆ ಆಲಿಕಲ್ಲು. ಹುನಗುಂದದ ದಾರಿಯುದ್ದಕ್ಕೂ ಕಂಬಗಳು ಮಲಗಿದವು. ನಮ್ಮ ಮಗ್ಗುಲ ಓಣಿಯಲ್ಲಿ ಬೇವಿನ ಕೊಂಬೆ ಮುರಿದು ತಂತಿಗಳನ್ನು ಎಳೆದುಕೊಂಡೇ ಬಿತ್ತು. ಬಿಸಲ ಮೇಡಂ ಅಂದು ಮನೆಗೆ ಬರಲಿಲ್ಲ; ಹುನಗುಂದದ ಕಡೆಯ ದೊಡ್ಡ ಲೈನಿನ ಮೇಲಿದ್ದರು. ಕಾಕಾನ ಹಳೆಯ ಸಣ್ಣ ಬ್ಯಾಟರಿ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ನಿಂತಿತು. ನಾನು ಹೋಗಿ, "ಕಾಕಾ, ದವಾಖಾನಿಗೆ ಕರಕೊಂಡ ಹೋಗೂಣೇನು?" ಎಂದೆ.

"ಯಾಕ್ರಿ? ಸಿಲಿಂಡರ್ ಐತಲ್ಲ. ಸಣ್ಣಾಗಿ ಬಿಟ್ಟೇನಿ. ಬೆಳಕ ಹರೀಲಿ. ಬಿಸಲ ಬಿದ್ದಕೂಡ್ಲೆ ನಮ್ಮ ಮಾಳಗೀದ ಚಾಲೂ ಆಗತೈತಿ."

ಕಾಕು ಕೈಸನ್ನೆ ಮಾಡಿ ನನ್ನನ್ನು ಮನೆಗೆ ಹೋಗೆಂದಳು. ಓಣಿಯವರೆಲ್ಲ ಹಾಗೆಯೇ ತಿಳಿದಿದ್ದರು: ಬೆಳಗಾದರೆ ಸಾಕು.

ಬೆಳಗಾಯಿತು. ತೊಳೆದಿಟ್ಟಂಥ ಆಕಾಶ, ಏರಿದಂತೆ ಚುರುಗುಟ್ಟುವ ಬಿಸಿಲು. ಮಾಳಿಗೆಯ ಮೇಲೆ ಹಲಗೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಕೆಳಗೆ ಪೆಟ್ಟಿಗೆಯಲ್ಲಿ ಕೆಂಪು ದೀಪ. ಕಾಕಾ ಧೂಳು ಕೂತಿರಬೇಕೆಂದು ಕೊಡದಲ್ಲಿ ನೀರು ಹೊತ್ತು ಮೇಲೆ ಏರಿ, ಧೋತರದ ಚುಂಗಿನಿಂದ ಒಂದೊಂದೇ ಹಲಗೆಯನ್ನು ಒರೆಸಿದ. ಇಳಿದು ಬಂದು ನೋಡಿದ. ಕೆಂಪು. ಮತ್ತೆ ಏರಿದ, ಮತ್ತೆ ಒರೆಸಿದ. ಸಿಲಿಂಡರಿನ ಮುಳ್ಳು ತಳ ಮುಟ್ಟಿತ್ತು. ಕಾಕುವಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದುದನ್ನು ಕಂಡು ನಾನೇ ಮೇಡಂಗೆ ಫೋನು ಮಾಡಿದೆ. ಯಾವಾಗಿನಂತೆ ಎತ್ತಿದರು. ಆ ಹೊತ್ತಿಗೆ ಅವರು ಇಳಕಲ್ಲಿಗೆ ಮರಳಿ ಮಗ್ಗುಲ ಓಣಿಯಲ್ಲೇ ಕೆಲಸ ಮಾಡಿಸುತ್ತಿದ್ದರು. ಸೀರೆಗೆಲ್ಲ ಕೆಸರು, ಕಣ್ಣು ಕೆಂಪು; ಓಡಿಯೇ ಬಂದರು.

ಒಳಗೆ ಬಂದು ಕಾಕುವಿನ ಮುಖ ನೋಡಿದವರೇ, "ಆಟೋ ತರ್ರಿ, ಯಾರರ ಆಟೋ ತರ್ರಿ" ಎಂದು ಕೂಗಿದರು. ಆಂಬುಲೆನ್ಸಿಗೆ ಫೋನು ಹಚ್ಚಿದರು; ಅದು ಬೇರೆ ಕಡೆ ಹೋಗಿತ್ತು. ಮದುವೆ ಹಾಲಿನವನಿಗೆ ಜನರೇಟರ್ ಕೇಳಿದರು, ತರುತ್ತೇನೆಂದ. ಕಾಕಾ ಅವರ ರಟ್ಟೆ ಹಿಡಿದ.

"ಲೈನ್ ಬಿಡ್ರಿ."

"ಕಾಕಾ, ಮಗ್ಗಲ ಓಣ್ಯಾಗ ಕಂಬದ ಮ್ಯಾಲ ಮನಷ್ಯಾ ಅದಾನ್ರಿ."

"ಇಳಸ್ರಿ ಅವನ್ನ! ಒಂದ ಗಳಿಗಿ ಇಳಸ್ರಿ!"

"ತಂತಿ ಕೈಯಾಗ ಹಿಡದಾನ ಕಾಕಾ. ಕಟ್ಟೂದು ಮುಗಿಲಾರದ ಲೈನ್ ಬಿಡಾಕ ಬರಂಗಿಲ್ಲ. ಕಾಕುನ್ನ ಎತ್ತೂಣ ಬರ್ರಿ ಮದಲ."

"ಮ್ಯಾಲಿಂದ ಸೀದಾ ವೈರ್ ಕೊಡ್ರಿ ಮಷಿನ್ನಿಗೆ!" ಎಂದು ಬಾಗಿಲಲ್ಲಿ ನೆರೆದಿದ್ದವರಲ್ಲಿ ಯಾರೋ ಅಂದರು.

"ಆಗಂಗಿಲ್ಲರಿ. ಮಷಿನ್ ಸುಟ್ಟ ಹೋಗತೈತಿ, ಮತ್ತ ಏನೂ ಉಳಿಯಂಗಿಲ್ಲ."

ಆಗ ಕಾಕಾ ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. "ನಂದು ಜಮಾ ಐತಿ! ವರ್ಷಾತು, ಹಗಲೆಲ್ಲಾ ಕೊಟ್ಟೇನಿ ನಾ! ಬ್ಯಾರೇದಾರ್ದು ಕೇಳವಲ್ಲೆ, ನಂದ ನನಗ ಕೊಡ್ರಿ! ನೀವ ಅಂದಿದ್ರಿ ವಾಪಸ್ ಕೊಡತೈತಿ ಅಂತ. ಕೊಡ್ರಿ ಈಗ!"

ಅವರು ಕಾಕುವಿನ ತಲೆಯ ಕಡೆ ತಾವು ಹಿಡಿದು, ಕಾಲ ಕಡೆ ನಮ್ಮನ್ನು ಹಿಡಿಯಲು ಹೇಳಿ ಹೊರಸಿನ ಸಮೇತ ಎತ್ತಿದರು. ಬಿದ್ದ ಕೊಂಬೆಯಿಂದಾಗಿ ಆಟೋ ಓಣಿಯ ಬಾಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಹೊತ್ತೆವು. ಕಾಕು ಅವರ ಮುಂಗೈ ಹಿಡಿದಿದ್ದಳು. ಆಟೋದಲ್ಲಿ ಕಾಕಾ, ಅವರು, ನಡುವೆ ಕಾಕು. ಮನೆ ತೆರೆದಿದೆ, ನೀವು ಇರಿ ಎಂದು ನನಗೆ ಹೇಳಿ ಹೋದರು.

ನಾನು ಮರಳಿ ಹೊಸ್ತಿಲು ದಾಟುವಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಖಟಕ್ ಖಟಕ್ ಎಂದು ಎದ್ದವು. ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ಆರಿ ಹಸಿರು ಹತ್ತಿತು. ಹೊರಸಿಲ್ಲದ ಖಾಲಿ ಜಾಗದ ಪಕ್ಕದಲ್ಲಿ ಯಂತ್ರ ತಾನೇ ತಾನಾಗಿ ಬುಸ್ ಬುಸ್ ಎಂದು ಉಸಿರಾಡತೊಡಗಿತು. ನೆಲದ ಮೇಲೆ ಬಿದ್ದಿದ್ದ ನಳಿಗೆಯ ತುದಿಯಿಂದ ತಣ್ಣನೆಯ ಗಾಳಿ ನನ್ನ ಕಾಲಿಗೆ ತಾಗುತ್ತಿತ್ತು. ನಾನು ಅದನ್ನು ಬಂದ್ ಮಾಡಿದೆ.

ಕಾಕು ದವಾಖಾನೆ ಮುಟ್ಟಲಿಲ್ಲ.

ಯಾರೂ ಅವರ ಮೇಲೆ ದೂರು ಕೊಡಲಿಲ್ಲ. ಕೊಟ್ಟಿದ್ದರೂ ತಪ್ಪೇನೂ ಸಿಗುತ್ತಿರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು. ಕಾಕಾ ಅವರಿಗೆ ಒಂದು ಮಾತೂ ಆಡಲಿಲ್ಲ. ದಿನಕರ್ಮಗಳಿಗೆಲ್ಲ ಅವರು ಹೋದರು, ನೀರು ಸೇದಿದರು, ಪಾತ್ರೆ ತಿಕ್ಕಿದರು. ಕಾಕಾ ಅವರಿದ್ದ ಕಡೆ ನೋಡದೆ ಕೂತ. ಒಂದು ಸಂಜೆ ಅವರು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ರೊಟ್ಟಿ ಬಡಿಯುತ್ತಿದ್ದ ನನ್ನ ಕೈಯನ್ನೇ ನೋಡುತ್ತ ಹೇಳಿದರು:

"ಬೈದಿದ್ರ ಛಲೋ ಆಗತಿತ್ತರಿ, ಅಕ್ಕೋರ."

ನಾನು ಏನೋ ಸಮಾಧಾನ ಹೇಳಹೋದೆ.

"ನಾ ಹೇಳಿದ್ನಿ. ಖರೇನ ಹೇಳಿದ್ನಿ. ನೀವೂ ಇದ್ರಿ. ಅವ್ರು ಹೂಂ ಅಂದ್ರು. ಅವ್ರ ಕಣ್ಣ ದೀಪದ ಮ್ಯಾಲಿತ್ತು, ನನಗ ಕಾಣಸ್ತಿತ್ತು. ಆದ್ರೂ ಆ ಹೂಂ ಸಾಕು ಅಂತ ಎದ್ದ ಬಂದ್ನಿ. ನನಗ ಅವತ್ತ ಇನ್ನೊಂದ ಮಾಳಗಿ ಏರೂದಿತ್ತು."

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಇಬ್ಬರೂ ತೆಗೆಯಲಿಲ್ಲ.

ಕೆಲವು ವಾರಗಳಲ್ಲಿ ಬಾಗಲಕೋಟೆಯ ನವನಗರದಲ್ಲಿ ಕಂಪನಿಯ ಸಮಾರಂಭ. ಸೌರ ಪಾಲು ತುಂಬಿದ ಶಾಖೆಗಳಿಗೆ ಸನ್ಮಾನ. ಎಲ್ಲರಿಗಿಂತ ಮುಂದಿದ್ದದ್ದು ಇಳಕಲ್. ಹೋಗುವುದಿಲ್ಲ ಎಂದವರಿಗೆ ಬರಲೇಬೇಕೆಂದು ಮೇಲಿನಿಂದ ಹೇಳಿಕೆ ಬಂತು. "ನನ್ನ ಸಂಗಾಟ ಬರ್ರಿ" ಎಂದು ನನ್ನನ್ನು ಕೇಳಿದರು. ಹೋದೆ. ವೇದಿಕೆಯ ಮೇಲಿದ್ದ ದೊಡ್ಡ ಸಾಹೇಬರು, ನಮ್ಮ ಪಾಲು ತುಂಬಿ ಮಿಕ್ಕಿದೆ, ಇನ್ನು ನಾವು ಪತ್ರ ಕೊಳ್ಳುವವರಲ್ಲ, ಮಾರುವವರು ಎಂದಾಗ ಚಪ್ಪಾಳೆ ಬಿತ್ತು. ಇವರ ಹೆಸರು ಕರೆದರು. ಹೋದರು. ಶಾಲು ಹೊದಿಸಿದರು, ಫಲಕ ಕೊಟ್ಟರು. ಎರಡು ಮಾತು ಆಡಿರೆಂದು ಮೈಕು ಮುಂದೆ ಹಿಡಿದರು.

"ಸರ, ಒಂದು ವಿನಂತಿ" ಎಂದರು. ಧ್ವನಿ ಗಟ್ಟಿಯಾಗಿಯೇ ಇತ್ತು. "ನಮ್ಮ ಶಾಖಾದಾಗ ಒಂದ ಮನಿ ಐತ್ರಿ. ಅವ್ರ ಮಾಳಗಿ ಮ್ಯಾಲಿನ ಕರೆಂಟ ಈ ಪಾಲಿನ್ಯಾಗ ಸೇರೇತಿ. ಆ ಮನ್ಯಾಗ ಒಬ್ಬಾಕಿ ಉಸರಿಲ್ಲದ ಸತ್ಲು, ಬಿಸಲಾಗ. ಅವ್ರದನ್ನ ನಮ್ಮ ಲೆಕ್ಕದಾಗಿಂದ ತೆಗೀರಿ. ಪಡಕೊಳ್ಳೂ ಅಧಿಕಾರ ನಮಗಿಲ್ಲ. ಮತ್ತ ಇಂಥಾ ರೋಗಸ್ಥರ ಮನಿಗೆ ಬ್ಯಾಟರಿ ಇರೂ ಮಷಿನ್ ಕಂಪನಿನ ಕೊಡ್ಲಿ."

ಸಾಹೇಬರು ಒಳ್ಳೆಯವರೇ, ಸಿಟ್ಟಾಗಲಿಲ್ಲ. ಮೈಕಿನ ಮೇಲೆ ಕೈಯಿಟ್ಟು ಮೆಲ್ಲಗೆ, ಆದರೆ ಮೊದಲ ಸಾಲಿನಲ್ಲಿದ್ದ ನನಗೆ ಕೇಳಿಸುವಂತೆ ಹೇಳಿದರು: "ಮೇಡಂ, ಹಂಗ ತೆಗೀಲಿಕ್ಕೆ ಬರೂದಿಲ್ಲ. ಮೀಟರ್ ಓಡೂತನಾ ಅದು ಲೆಕ್ಕಕ್ಕ ಬರತೈತಿ. ನೀವು ದಣದೀರಿ. ಕೂಡ್ರಿ."

ಕೂತರು. ಮರಳುವಾಗ ಬಸ್ಸಿನಲ್ಲಿ ಫಲಕ ಅವರ ಕೈಯಲ್ಲಿರಲಿಲ್ಲ; ಎಲ್ಲಿ ಬಿಟ್ಟರೋ ನಾನು ಕೇಳಲಿಲ್ಲ. ಅಮೀನಗಡ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದವರು ಒಮ್ಮೆ ಮಾತ್ರ, "ಆಕೀ ಜೀಂವಾ ಹೋತು, ಆಕೀ ಬಿಸಲ ಮಾತ್ರ ಬಿಡವಲ್ರು" ಎಂದರು.

ಆಮೇಲೆ ಅವರು ಅರ್ಜಿ ಮೇಲೆ ಅರ್ಜಿ ಬರೆದರು. ಬ್ಯಾಟರಿಯ ಮಾತಿಗೆ ಬಂದ ಉತ್ತರ ಒಂದೇ: ಪಾಲು ತುಂಬಿದೆ, ಸದ್ಯ ಹೊಸ ಪ್ರಸ್ತಾವವಿಲ್ಲ. ಮಾಳಿಗೆ ಬೇಕಾಗಿದ್ದಾಗ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದವರು ಈಗ ಅವರ ಫೋನು ಎತ್ತುತ್ತಿರಲಿಲ್ಲ. ಬಾದಾಮಿಗೆ ವರ್ಗವಾಯಿತು, ಸಾಮಾನುಗಳ ಗೋದಾಮಿನ ಕೆಲಸಕ್ಕೆ. ಅಲ್ಲಿ ತಂತಿಯ ಸುರುಳಿಗಳ ನಡುವೆ ಕೂತಿರುತ್ತಿದ್ದರಂತೆ. ರಜೆಯ ದಿನ ಮಾತ್ರ ಒಂದು ಹುಚ್ಚು. ಬಾದಾಮಿ, ಶಿವಯೋಗ ಮಂದಿರ, ಕುಳಗೇರಿ ಕ್ರಾಸು, ಎಲ್ಲೆಲ್ಲಿ ಮಾಳಿಗೆಯ ಮೇಲೆ ಹಲಗೆ ಕಂಡರೂ ಕದ ತಟ್ಟುವರು. "ಮನ್ಯಾಗ ಮಷಿನ್ ಮ್ಯಾಲಿರೂ ರೋಗಸ್ಥರು ಅದಾರೇನ್ರಿ? ಲೈನ್ ಹೋದ್ರ ಇದೂ ಹೋಗತೈತಿ. ಗೊತ್ತೈತಿಲ್ರಿ? ಏನ ಗೊತ್ತೈತಿ, ನನಗ ಹೇಳ್ರಿ ನೋಡೂಣು." ಹೂಂ ಎಂದರೆ ಬಿಡುತ್ತಿರಲಿಲ್ಲ, ಪಾಠ ಒಪ್ಪಿಸುವಂತೆ ಅವರ ಬಾಯಿಂದ ತಿರುಗಿ ಹೇಳಿಸುವರು. ಕೆಲವರು ಚಹಾ ಕೊಟ್ಟರು. ಹೆಚ್ಚಿನವರಿಗೆ ಕಿರಿಕಿರಿ. "ಹಾಕಸೂ ಮುಂದ ನೀವ, ಅಂಜಸೂ ಮುಂದೂ ನೀವ" ಎಂದಳಂತೆ ಒಬ್ಬಾಕೆ, ಕದ ಮುಚ್ಚಿಕೊಂಡು. ಇದನ್ನೆಲ್ಲ ಅವರೇ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಮಾತಿನ ಕೊನೆಗೆ ತಪ್ಪದೆ, "ಕಾಕಾ ಹೆಂಗದಾರ್ರಿ?" ಎಂದು ಕೇಳುತ್ತಿದ್ದರು. "ಅದಾರ" ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? ಕಾಕಾ ಹಲಗೆಗಳನ್ನು ತೆಗೆಸಲೂ ಇಲ್ಲ, ಒರೆಸಲೂ ಇಲ್ಲ. ಒಂಟಿ ಮನುಷ್ಯನಿಗೆ ಎಷ್ಟು ಕರೆಂಟು ಬೇಕು? ಜಮಾ ಬೆಳೆಯುತ್ತಿತ್ತು. ಬಿಲ್ಲನ್ನು ಓದಿಸಲು ಅವನು ನನ್ನ ಬಳಿ ಬರುವುದನ್ನೇ ಬಿಟ್ಟಿದ್ದ.

ಒಮ್ಮೆ ಅವರು ಇಳಕಲ್ಲಿಗೆ ಬಂದರು. ನಮ್ಮ ಮನೆಗಲ್ಲ, ಸೀದಾ ಕಾಕಾನ ಮನೆಗೆ. ಅವನು ಮಗ್ಗದ ಕುಣಿಯಲ್ಲಿದ್ದ. ಅವರು ಹೊಸ್ತಿಲ ಹೊರಗೆ ಕುಳಿತರು. "ಕಾಕಾ" ಎಂದರು. ಲಾಳಿ ಓಡುತ್ತಲೇ ಇತ್ತು. "ಕಾಕಾ, ಒಂದ ಸಲ ಬೈಯ್ರಿ." ಲಾಳಿ ನಿಲ್ಲಲಿಲ್ಲ. ನಾನು ನಮ್ಮ ಬಾಗಿಲಿನಿಂದ ನೋಡುತ್ತಿದ್ದೆ. ಬಿಸಿಲು ಅವರ ಬೆನ್ನಿನಿಂದ ಹೆಗಲಿಗೆ, ಹೆಗಲಿನಿಂದ ಮಡಿಲಿಗೆ ಸರಿಯಿತು. ಅವರು ಎದ್ದರು, ಹೊಸ್ತಿಲನ್ನು ಮುಟ್ಟಿ ನಮಸ್ಕಾರ ಮಾಡಿ, ಯಾರ ಕಡೆಗೂ ನೋಡದೆ ಬಸ್ಸಿನ ದಾರಿ ಹಿಡಿದರು. ನಾನು ಅವರನ್ನು ಜೀವಂತವಾಗಿ ಕಂಡದ್ದು ಅದೇ ಕೊನೆ.

ಸಾವಿನ ಸುದ್ದಿಯನ್ನು ಕಾಕಾನಿಗೆ ಹೇಳಿದೆ. ಅವನು ಲಾಳಿಯನ್ನು ಕೆಳಗಿಟ್ಟ. ಬಹಳ ಹೊತ್ತು ಅರ್ಧ ನೇಯ್ದ ಸೆರಗಿನ ಮೇಲೆ ಅಂಗೈ ಆಡಿಸುತ್ತ ಕೂತಿದ್ದ. ಆಮೇಲೆ ಎದ್ದು ಮುಖ ತೊಳೆದು, ಟೊಪ್ಪಿಗೆ ಹಾಕಿಕೊಂಡು, ಮನೆಗೆ ಕೀಲಿ ಹಾಕಿದ. "ನಡೀರಿ" ಎಂದ.

ಬಾದಾಮಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕುಳಗೇರಿ ಕ್ರಾಸು ಮುಟ್ಟಿದೆವು. ಅಣ್ಣನ ಹೊಲದ ಅಂಚಿನಲ್ಲಿ ಕುಣಿ ತೋಡಿದ್ದರು. ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮಡಿಲಿಗೆ ಪತ್ರಿ ಹಾಕಿದ್ದರು. ಕಂಪನಿಯಿಂದ ಬಂದವರು ಕೆಲವೇ ಕೆಲವರು. ಅವರಲ್ಲೊಬ್ಬ, ಖಾಕಿ ಅಂಗಿಯ ತೆಳ್ಳನೆಯ ಮನುಷ್ಯ, ಎಲ್ಲರಿಗಿಂತ ಮುಂದಾಗಿ ಸಲಿಕೆ ಹಿಡಿದು ಅಳುತ್ತಲೇ ಮಣ್ಣು ಸರಿಸುತ್ತಿದ್ದ.

"ಆಂವಾ ಯಾರು?" ಎಂದ ಕಾಕಾ.

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ನಮ್ಮ ಇಳಕಲ್ಲಿನ ಲೈನ್‌ಮನ್ ಕಾಕಾ. ಅವತ್ತ ಮಗ್ಗಲ ಓಣ್ಯಾಗ ಕಂಬದ ಮ್ಯಾಲಿದ್ದಾಂವ."

ಕಾಕಾ ಅವನನ್ನು ನೋಡುತ್ತ ನಿಂತ. ನಂತರ ಸೀದಾ ಅವನ ಬಳಿಗೆ ಹೋದ. ಲೈನ್‌ಮನ್ ಯಾರು ಬಂದದ್ದೆಂದು ತಿಳಿದು ಸಲಿಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನಾನೂ ಹತ್ತಿರ ಹೋದೆ, ಏನಾಗುವುದೋ ಎಂದು.

"ನನ್ನ ಗುರ್ತು ಐತೇನಪಾ?"

"ಐತ್ರಿ."

"ಒಂದ ಊರಾಗ ಇದ್ರೂ ಒಂದಿನಾನೂ ಕಣ್ಣಿಗೆ ಬೀಳ್ಲಿಲ್ಲ ನೀ."

"ಮೇಡಂ ಹೇಳಿದ್ರು ರೀ, ಆ ಓಣ್ಯಾಗ ಹಾಯಬ್ಯಾಡ ಅಂತ. ನಿನ್ನ ನೋಡಿದ್ರ ಅವ್ರ ಜೀಂವಾ ಮತ್ತ ಸುಡತೈತಿ ಅಂದ್ರು. ನಾ ಸುತ್ತ ಹಾಕ್ಕೊಂಡ ಅಡ್ಡಾಡ್ತೇನ್ರಿ."

"ಮಕ್ಕಳ ಅದಾವ?" ಎಂದ ಕಾಕಾ.

"ಎರಡ ಹೆಣ್ಣರಿ."

"ಸಾಲಿಗೆ ಹೋಗ್ತಾವ?"

"ಹೋಗ್ತಾವ್ರಿ."

ಕಾಕಾ ತಲೆಯಾಡಿಸಿದ. ಕುಣಿಯ ಅಂಚಿಗೆ ಹೋಗಿ ಮೊಳಕಾಲೂರಿದ. ಮಣ್ಣು ಆಗಲೇ ಅವರ ಹೆಗಲಿನವರೆಗೆ ಬಂದಿತ್ತು. ಒಂದು ಹಿಡಿ ಎತ್ತಿಕೊಂಡ. ಹಾಕಲಿಲ್ಲ, ಹಿಡಿದುಕೊಂಡೇ, ಮುಚ್ಚಿದ ಕದದ ಹೊರಗೆ ನಿಂತು ಒಳಗಿನವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದ:

"ಯವ್ವಾ, ಅವನ್ನ ಇಳಸಲಿಲ್ಲ ನೀ, ಲೈನ್ ಬಿಡಲಿಲ್ಲ. ಬರೋಬ್ಬರಿ ಮಾಡಿದಿ. ನಾ ಹೇಳಬೇಕಿತ್ತು. ಹೇಳಲಿಲ್ಲ."

ಮಣ್ಣು ಎಳೆಯುತ್ತಿದ್ದವರು ತಮಗೇ ಏನೋ ಹೇಳಿದನೆಂದು ತಿಳಿದು ಸಲಿಕೆ ನಿಲ್ಲಿಸಿದರು. "ಏನಂದ್ರಿ ಯಜಮಾನ್ರ?" ಎಂದರು ಮೇಡಂ ಅವರ ಅಣ್ಣ.

ಕಾಕಾ ಮುಷ್ಟಿ ಬಿಚ್ಚಿದ. ಮಣ್ಣು ಕೆಳಗೆ ಬಿತ್ತು.

"ನಿಮಗಲ್ಲಪಾ," ಎಂದ. "ನೀವ ಎಳೀರಿ."